ಅಗಸೆ ಎಣ್ಣೆ ಒಣಗುವವರೆಗೆ

ಸೆಪ್ಟೆಂಬರ್ 14, 1993, ಮಂಗಳವಾರ

ಈ ಪುಸ್ತಕ ಕೊಟ್ಟವಳು ಟ್ರೇಸಿ. ವಾರಕ್ಕೆರಡು ಸಲ ಬಂದು ನನ್ನ ಗಂಡ ಎಮಿಲ್‌ನ ಸತ್ತ ಕೈಯನ್ನೂ ಅರೆಸತ್ತ ಕಾಲನ್ನೂ ಎಳೆದು ಮಡಚಿ ಹೋಗುವ ಹುಡುಗಿ. "ಮಿಸೆಸ್ ಹುಡಾಕ್, ದಿನಾ ಅವರಲ್ಲಿ ಏನು ಸುಧಾರಣೆ ಕಾಣ್ಸುತ್ತೋ ಇದ್ರಲ್ಲಿ ಬರ್ದಿಡಿ. ಸಣ್ಣದಾದ್ರೂ ಪರ್ವಾಗಿಲ್ಲ," ಅಂದಳು. ಹಲ್ಲೆಲ್ಲ ಬಿಟ್ಟು ನಕ್ಕಳು. ಲಕ್ವ ಹೊಡೆದವರ ಮನೆಗೆ ಬಂದು ಹಾಗೆ ನಗುವುದನ್ನು ಎಲ್ಲಿ ಕಲಿಸುತ್ತಾರೋ.

ಸರಿ, ಬರೆದೆ: ಎಮಿಲ್ ದಿನವಿಡೀ ಗೋಡೆಗೆ ಮುಖ ಮಾಡಿ ಮಲಗಿದ್ದ. ಓಟ್ಸ್ ಗಂಜಿ ಮೂರು ಚಮಚ ತಿಂದ. ಸುಧಾರಣೆ ಏನೂ ಇಲ್ಲ.

ಅಷ್ಟಕ್ಕೇ ಮುಗಿಯಿತು. ಉಳಿದ ಹಾಳೆಯನ್ನು ಖಾಲಿ ಬಿಡಲು ಮನಸ್ಸಾಗಲಿಲ್ಲ, ಅದಕ್ಕೇ ನನ್ನದನ್ನೂ ಬರೆಯುತ್ತಿದ್ದೇನೆ. ಟ್ರೇಸಿಗೆ ತೋರಿಸುವ ಉದ್ದೇಶವಿಲ್ಲ. ನಾನು ಶರಟು ಕಾರ್ಖಾನೆಯ ತಪಾಸಣೆ ಮೇಜಿನಲ್ಲಿ ಇಪ್ಪತ್ತಾರು ವರ್ಷ ಕೂತವಳು. ಕಾಲರು ಸೊಟ್ಟಗಿದ್ದರೆ, ಒಂದು ಹೊಲಿಗೆ ಜಾರಿದ್ದರೆ, ಹೊಲಿದವಳ ಮುಖಕ್ಕೇ ವಾಪಸ್ ಎಸೆಯುವುದು ನನ್ನ ಕೆಲಸವಾಗಿತ್ತು. ಕಾರ್ಖಾನೆ ಮುಚ್ಚಿತು, ನನ್ನ ಕಣ್ಣು ಮುಚ್ಚಲಿಲ್ಲ. ಈ ಊರಿನಲ್ಲಿ ವಾಪಸ್ ಎಸೆಯಬೇಕಾದ್ದು ಬೇಕಾದಷ್ಟಿದೆ.

ಸೆಪ್ಟೆಂಬರ್ 19, ಭಾನುವಾರ

ಚರ್ಚಿನಲ್ಲಿ ಪೂಜೆ ಮುಗಿಸಿಕೊಂಡು ಕ್ಲೆಮ್ ಬಂದ. ಎಮಿಲ್‌ನ ತಮ್ಮ. ಬಾಗಿಲಲ್ಲಿ ಮೊದಲು ಅವನ ಹೊಟ್ಟೆ ಬರುತ್ತದೆ, ಆಮೇಲೆ ಮಾತು, ಕೊನೆಗೆ ಅವನು. ಇವತ್ತು ಕೈಯಲ್ಲಿ ಒಂದು ವಾರ್ನಿಷ್ ಡಬ್ಬಿಯೂ ಇತ್ತು.

"ಬಂದೂಕಿನ ಮರ ಎಲ್ಲಿದೆ, ಲಿಯೋನಾ? ಇದನ್ನ ಎರಡು ಸಲ ಬಳಿದ್ರೆ ಕನ್ನಡಿ ಹಂಗೆ ಹೊಳೆಯುತ್ತೆ. ಮಧ್ಯಾಹ್ನದೊಳಗೆ ಕೆಲ್ಸ ಮುಗೀತು!"

ಆ ಮರದ ಕಥೆ ಇಷ್ಟು. ಅಣ್ಣತಮ್ಮಂದಿರ ಅಪ್ಪ ಬಿಟ್ಟುಹೋದ ಬಂದೂಕೊಂದಿದೆ. ಅದರಲ್ಲಿ ಭುಜಕ್ಕೆ ಒತ್ತಿಕೊಳ್ಳುವ ಮರದ ಹಿಡಿ ಹೋದ ಚಳಿಗಾಲದಲ್ಲಿ ಸೀಳಿತು. ಎಮಿಲ್ ನೆಲಮಾಳಿಗೆಯಲ್ಲಿ ಕೂತು ಅಕ್ರೋಟು ಮರದಲ್ಲಿ ಹೊಸ ಹಿಡಿ ಕೆತ್ತಿದ, ಉಪ್ಪು ಕಾಗದದಲ್ಲಿ ತಿಕ್ಕಿ ನಯ ಮಾಡಿದ. ಎಣ್ಣೆ ಹಚ್ಚುವುದೊಂದು ಬಾಕಿ ಇತ್ತು. ಜುಲೈನಲ್ಲಿ ಲಕ್ವ ಹೊಡೆದು ಬಲಗೈ ಹೋಯಿತು.

ನಮ್ಮ ಪೆನ್ಸಿಲ್ವೇನಿಯಾದ ಈ ಗುಡ್ಡಗಳಲ್ಲಿ ಗಂಡಸರದ್ದೊಂದು ಕಟ್ಟಳೆ. ಗುಡ್ಡ ಹತ್ತಲಾಗದವನು ಬಂದೂಕನ್ನು ಗೋಡೆಗೆ ನೇತುಹಾಕಿ ನೋಡುತ್ತ ಕೂರಬಾರದು. ಜಿಂಕೆ ಬೇಟೆಯ ಮೊದಲ ದಿನಕ್ಕೆ ಮುಂಚೆ ಮನೆತನದಲ್ಲಿ ಯಾರಿಗಾದರೂ ಕೊಟ್ಟುಬಿಡಬೇಕು. ಆಸ್ಪತ್ರೆಯ ಹಾಸಿಗೆಯಲ್ಲೇ ಎಮಿಲ್ ಅರ್ಧ ಬಾಯಲ್ಲಿ ಕ್ಲೆಮ್‌ಗೆ ಹೇಳಿದ: "ಮರ... ಮುಗಿದ್ಮೇಲೆ... ನಿಂದು." ನಾನು ಪಕ್ಕದಲ್ಲೇ ಇದ್ದೆ. ಎಮಿಲ್ ಕೊಟ್ಟ ಮಾತು ತಪ್ಪಿದ್ದನ್ನು ಈ ಮೂವತ್ತೆಂಟು ವರ್ಷದಲ್ಲಿ ನಾನು ನೋಡಿಲ್ಲ. ಅವತ್ತು ಗೋಡೆ ಕಡೆ ತಿರುಗಿದವನು ಇನ್ನೂ ಈ ಕಡೆ ತಿರುಗಿಲ್ಲ.

ಕ್ಲೆಮ್ ವಾರ್ನಿಷ್ ಡಬ್ಬಿಯನ್ನು ಅಣ್ಣನ ಮುಖದ ಮುಂದೆ ಹಿಡಿದು ಅಲ್ಲಾಡಿಸಿದ. ಎಮಿಲ್‌ನ ಕಣ್ಣಲ್ಲಿ ನೀರು ಬಂತು. ಸ್ವಂತ ತಾಯಿ ಸತ್ತಾಗ ಅಳದ ಮನುಷ್ಯ, ಒಂದು ಡಬ್ಬಿ ವಾರ್ನಿಷ್‌ಗೆ ಅತ್ತ! ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ, ಹತ್ತಿರ ಸಿಕ್ಕಿದವನು ಕ್ಲೆಮ್.

"ಆ ಡಬ್ಬಿ ತಗೊಂಡ್ಹೋಗಿ ನಿನ್ನ ಕಾರಿಗೆ ಬಳ್ಕೋ. ಮರಕ್ಕೆ ಎಣ್ಣೆ ಇಲ್ಲೇ ಆಗುತ್ತೆ."

"ಯಾರು ಹಚ್ತಾರೆ?"

"ನಾನು."

ಅವನು ಹೊಟ್ಟೆ ಕುಣಿಸಿಕೊಂಡು ನಕ್ಕ. "ನೀನಾ? ಆಯ್ತಮ್ಮ. ಬೇಟೆ ಶುರುವಾಗೋ ಹಿಂದಿನ ಭಾನುವಾರ ಬರ್ತೀನಿ. ರೆಡಿ ಇರ್ಲಿ."

ರೆಡಿ ಇರುತ್ತದೆ. ಆ ದರಿದ್ರ ವಸ್ತು ಮನೆಯಿಂದ ತೊಲಗಿದರೆ ನೆಲಮಾಳಿಗೆ ಖಾಲಿಯಾಗುತ್ತದೆ, ನನ್ನ ಹೊಲಿಗೆ ಯಂತ್ರವನ್ನು ಅಲ್ಲಿಗೆ ಇಳಿಸಬಹುದು. ಬೇರೆ ಯಾವ ಕಾರಣವೂ ಇಲ್ಲ.

ಸೆಪ್ಟೆಂಬರ್ 20, ಸೋಮವಾರ

ನೆಲಮಾಳಿಗೆಗೆ ಇಳಿದೆ. ಅಗಸೆ ಎಣ್ಣೆ, ಟರ್ಪೆಂಟೈನ್, ನಾಯಿ, ಮೂರೂ ಸೇರಿದ ನಾತ. ಒಬ್ಬ ಗಂಡಸು ಮೂವತ್ತು ವರ್ಷ ಸಂಜೆ ಸಂಜೆ ಹೆಂಡತಿಯನ್ನು ಬಿಟ್ಟು ಇಲ್ಲಿ ಬಂದು ಕೂರುತ್ತಿದ್ದ ಎಂದರೆ ಅವನ ರುಚಿ ಎಂಥದ್ದಿರಬೇಕು! ಮೊಳೆಗೊಂದು ಶೀಸೆ, ತಿರುಪಿಗೊಂದು ಶೀಸೆ, ಎಲ್ಲದಕ್ಕೂ ಚೀಟಿ. ಒಂದು ಶೀಸೆಯ ಮೇಲೆ "ಬಾಗಿದ ಮೊಳೆ, ಕೆಲಸಕ್ಕೆ ಬರುತ್ತವೆ" ಎಂದು ಬರೆದಿದೆ.

ಮರ ಗೂಟಕ್ಕೆ ನೇತಾಡುತ್ತಿತ್ತು. ಬಣ್ಣವಿಲ್ಲದ, ಧೂಳುಗಂದು ಕೊರಡು. ಇದು ನನ್ನ ಅಮ್ಮನ ಹಿತ್ತಲಿನಲ್ಲಿದ್ದ ಅಕ್ರೋಟು. ಅದರ ಕಾಯಿ ಸಿಪ್ಪೆಯ ಕರಿ ಬಿದ್ದು ನಮ್ಮ ಎಷ್ಟು ಬಟ್ಟೆ ಹಾಳಾದವೋ ಲೆಕ್ಕವಿಲ್ಲ. ಕಡಿಸಿದಾಗ ನನ್ನಷ್ಟು ಖುಷಿಪಟ್ಟವರಿರಲಿಲ್ಲ. ಎಮಿಲ್ ಅದರದ್ದೊಂದು ಹಲಗೆ ತಂದು ಒಣಗಲಿ ಎಂದು ಎಂಟು ವರ್ಷ ಅಟ್ಟದಲ್ಲಿಟ್ಟಿದ್ದ. ಕ್ರಿಸ್‌ಮಸ್ ಸಾಮಾನು ತರಲು ಹೋದಾಗಲೆಲ್ಲ ಅದು ನನ್ನ ಮೊಣಕಾಲಿಗೆ ಬಡಿಯುತ್ತಿತ್ತು.

ಮೇಲೆ ಬಂದು ಗೋಡೆ ನೋಡುತ್ತಿದ್ದ ಬೆನ್ನಿಗೆ ಕೇಳಿದೆ. "ಎಣ್ಣೆ ಎಷ್ಟು ಹಚ್ಬೇಕು?"

ಬೆನ್ನು ಮಾತಾಡಿತು. "ಹನಿ."

"ಎಷ್ಟು ಹನಿ?"

"ಮೂರು. ಅಂಗೈ... ಉಜ್ಜು. ಬಿಸಿ ಆಗ್ಬೇಕು."

ಅಷ್ಟು ಉದ್ದದ ಮರಕ್ಕೆ ಮೂರು ಹನಿ! ನಾನು ಹೊರಡುವಾಗ ಮತ್ತೆ ಕೂಗಿದ. "ಬಟ್ಟೆ... ಹರಡು." ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತನ್ನಷ್ಟಕ್ಕೆ ತಾನೇ ಹೊತ್ತಿಕೊಳ್ಳುತ್ತದಂತೆ. ಬೆಂಕಿಕಡ್ಡಿ ಇಲ್ಲದೆ ಬೆಂಕಿ! ಮೂವತ್ತೆಂಟು ವರ್ಷ ಈ ಮನೆಯ ಎಣ್ಣೆ ಜಿಡ್ಡೆಲ್ಲ ತೊಳೆದವಳಿಗೆ ಹೇಳುತ್ತಾನೆ. ಆದರೆ ಹೊರಗೆ ತಂತಿಯ ಮೇಲೆ ಹರಡಿ ಬಂದೆ ಅನ್ನುವವರೆಗೆ ಅವನು "ಹರಡು, ಹರಡು" ಅನ್ನುವುದನ್ನು ಬಿಡಲಿಲ್ಲ. ತಲೆ ಚಿಟ್ಟು ಹಿಡಿಯಿತು.

ಸೆಪ್ಟೆಂಬರ್ 27, ಸೋಮವಾರ

ಒಂದು ವಾರ, ದಿನಕ್ಕೆ ಮೂರು ಹನಿ. ಮರ ಕುಡಿಯುತ್ತದೆ, ಸುಮ್ಮನಾಗುತ್ತದೆ. ನಮ್ಮ ಕಾರ್ಖಾನೆ ಈ ವೇಗದಲ್ಲಿ ನಡೆದಿದ್ದರೆ ಊರೆಲ್ಲ ಬರಿಮೈಯಲ್ಲಿ ಓಡಾಡಬೇಕಿತ್ತು. ಇವತ್ತು ಅರ್ಧ ಬಟ್ಟಲು ಎಣ್ಣೆ ಸುರಿದು ಕುಂಚದಲ್ಲಿ ದಪ್ಪಗೆ ಬಳಿದೆ. ತಿಂಗಳ ಕೆಲಸ ಒಂದೇ ದಿನಕ್ಕೆ ಮುಗಿಯಿತು. ಗಂಡಸರು ಯಾವುದನ್ನೂ ಬೇಗ ಮುಗಿಸುವುದಿಲ್ಲ, ಮುಗಿದರೆ ಮೇಲೆ ಬಂದು ಪಾತ್ರೆ ತೊಳೆಯಬೇಕಾಗುತ್ತದಲ್ಲ.

ಸೆಪ್ಟೆಂಬರ್ 30, ಗುರುವಾರ

ಒಣಗಲಿಲ್ಲ. ಮೇಲೊಂದು ಕೆನೆ ಕಟ್ಟಿದೆ, ಅಡಿಯಲ್ಲಿ ಇನ್ನೂ ಹಸಿ. ಮುಟ್ಟಿದರೆ ಬೆರಳು ಅಂಟಿಕೊಂಡು ಬರುತ್ತದೆ. ನಮ್ಮ ನಾಯಿ ಡ್ಯೂಕ್ ಅದಕ್ಕೆ ಮೈ ಉಜ್ಜಿಕೊಂಡು ಹೋಗಿದ್ದಾನೆ. ಈಗ ಬಂದೂಕಿಗೂ ನಾಯಿಕೂದಲು ಬಂದಿದೆ.

ಎಮಿಲ್‌ಗೆ ಹೇಳಬಾರದೆಂದಿದ್ದೆ. ದಿಂಬು ಸರಿಮಾಡಲು ಹೋದಾಗ ಎಡಗೈಯಲ್ಲಿ ನನ್ನ ಬೆರಳು ಹಿಡಿದು ಮೂಸಿ ನೋಡಿದ. ಬೆರಳಿಗೆ ಅಂಟಿದ್ದ ನಾಯಿಕೂದಲನ್ನೂ ನೋಡಿದ. ಆಮೇಲೆ ಗಂಟಲಲ್ಲಿ ಏನೋ ಸಿಕ್ಕಿಕೊಂಡವನ ಹಾಗೆ ಸದ್ದು ಮಾಡತೊಡಗಿದ. ನಾನು ಹೆದರಿ ಬೆನ್ನು ಗುದ್ದಿದೆ. ನೋಡಿದರೆ, ನಗುತ್ತಿದ್ದಾನೆ!

"ನಗೋದಕ್ಕೇನಿದೆ ಇದ್ರಲ್ಲಿ?"

"ನಾನೂ..." ಅಂದ. "ಮೊದ್ಲನೇ ಸಲ... ಬೆಕ್ಕು."

ಮದುವೆಯಾದ ಹೊಸತರಲ್ಲಿ ನಮ್ಮ ಬೆಕ್ಕಿನ ಬೆನ್ನು ಅರ್ಧ ಬೋಳಾಗಿತ್ತು. ಯಾವುದೋ ಕಾಯಿಲೆ ಅಂದಿದ್ದ. ಆ ಕಾಯಿಲೆ ಯಾವುದೆಂದು ಇವತ್ತು ತಿಳಿಯಿತು.

ಟ್ರೇಸಿಗೆ: ಕೋಸು ಹಾಕಿದ ಹಲುಷ್ಕಿ ಹಿಟ್ಟುಂಡೆ ಒಂದು ತಟ್ಟೆ ಪೂರ್ತಿ ತಿಂದ. ಹಿಟ್ಟು ಹದವಾಗಿ ಬಂದಿತ್ತು, ಅದಕ್ಕೇ.

ಅಕ್ಟೋಬರ್ 5, ಮಂಗಳವಾರ

ಐದು ದಿನದಿಂದ ಟರ್ಪೆಂಟೈನ್ ಹಾಕಿ ಗೋಣಿತಾಟಿನಲ್ಲಿ ಉಜ್ಜುತ್ತಿದ್ದೇನೆ. ನಾನೇ ಬಳಿದದ್ದನ್ನು ನಾನೇ ಕೀಳುತ್ತಿದ್ದೇನೆ. ನನ್ನ ಮೇಜಿಗೆ ಇಂಥ ಕೆಲಸ ಬಂದಿದ್ದರೆ ಮಾಡಿದವಳಿಗೆ ಏನನ್ನುತ್ತಿದ್ದೆನೋ, ಅದನ್ನೆಲ್ಲ ನನಗೆ ನಾನೇ ಅಂದುಕೊಂಡೆ. ಜೋರಾಗಿಯೇ ಅಂದುಕೊಂಡೆ. ಮೇಲಿನಿಂದ ಮತ್ತೆ ಆ ಗಂಟಲಿನ ಸದ್ದು ಕೇಳಿಸಿತು.

ಅಕ್ಟೋಬರ್ 12, ಮಂಗಳವಾರ

ನಾಲ್ಕು ದಿನದಿಂದ ಜಡಿಮಳೆ. ನೆಲಮಾಳಿಗೆಯ ತೇವಕ್ಕೆ ಎಣ್ಣೆ ಒಣಗುವುದಿಲ್ಲ. ಮರವನ್ನು ಅಡುಗೆಮನೆಗೆ ತಂದು ಒಲೆಯಿಂದ ಆರಡಿ ಆಚೆ ಕಿಟಕಿ ಮೇಲಿನ ಕೊಕ್ಕೆಗೆ ನೇತುಹಾಕಿದೆ. ಮರ ಇಲ್ಲಿಗೆ ಬಂದ ಮೇಲೆ ಎಮಿಲ್ ಗಾಲಿಕುರ್ಚಿಯಲ್ಲಿ ಕೂರಬೇಕೆಂದು ಹಟ ಮಾಡಿದ. ಕೂರಿಸಿದೆ. ಈಗ ನನ್ನ ಅಡುಗೆಮನೆಯಲ್ಲಿ ಇಬ್ಬರು ತಪಾಸಣೆಯವರು.

ಚರ್ಚಿನ ಪಿರೋಗಿ ಕಡುಬು ಮಾರಾಟಕ್ಕೆ ಆಲೂಗಡ್ಡೆ ಬೇಯಿಸಿ ಕೊಡುತ್ತೀಯಾ ಎಂದು ಕೇಳಲು ಪಕ್ಕದ ಮನೆ ಡೊಲೊರೆಸ್ ಬಂದಳು. ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಕೂತಳು. "ನನ್ನ ಅಳಿಯ ಪ್ಲಾಸ್ಟಿಕ್ ಹಿಡಿಯ ಬಂದೂಕು ತಂದಿದಾನೆ, ಲಿಯೋನಾ. ಎಣ್ಣೆ ಬೇಡ, ನಾತ ಇಲ್ಲ. ಒರೆಸಿದ್ರೆ ಸಾಕು."

"ಬಕೆಟ್ಟನ್ನೂ ಒರೆಸಿದ್ರೆ ಸಾಕು," ಅಂದೆ. "ಅದನ್ನೇ ಭುಜಕ್ಕಿಟ್ಕೊಂಡು ಹೋಗೋಕೆ ಹೇಳು."

ಅವಳಿಗೆ ಬೇಜಾರಾಯಿತು. ಆಗಲಿ. ಮರವೆಂದರೇನೆಂದು ಗೊತ್ತಿಲ್ಲದವರು ಬಾಯಿ ಹಾಕಬಾರದು.

ಅಕ್ಟೋಬರ್ 21, ಗುರುವಾರ

ನನ್ನ ಮಣಿಕಟ್ಟು ಊದಿಕೊಂಡಿದೆ. ಮೂರು ಹನಿ ಉಜ್ಜಿ ಉಜ್ಜಿ ಅಂಗೈ ಕಾಯಿಸಬೇಕೆಂದರೆ ಸುಮ್ಮನೆಯೇ? ಎದುರಿಗೆ ಎಮಿಲ್‌ನ ಬಲಗೈ ಮಡಿಲಲ್ಲಿ ಬಿದ್ದುಕೊಂಡಿತ್ತು, ಕೆಲಸವಿಲ್ಲ ಕಾರ್ಯವಿಲ್ಲ. ಟ್ರೇಸಿ ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು ಅವನು ಡ್ಯೂಕ್‌ಗೆ ಎಸೆದುಬಿಟ್ಟಿದ್ದಾನೆ. ಬಿದ್ದಿರುವ ಕೈ ಒಂದು ಉಪಯೋಗಕ್ಕಾದರೂ ಬರಲಿ ಎಂದು ಅದರ ಅಂಗೈಗೆ ಮೂರು ಹನಿ ಹಾಕಿದೆ, ಮರದ ಮೇಲಿಟ್ಟೆ, ಮೇಲೆ ನನ್ನೆರಡು ಕೈ ಒತ್ತಿ ಹಿಂದೆ ಮುಂದೆ ಉಜ್ಜಿದೆ. ಒಳ್ಳೆಯ ಅಗಲದ ಅಂಗೈ. ನನ್ನದಕ್ಕಿಂತ ಚೆನ್ನಾಗಿ ಹರಡುತ್ತದೆ. ಇಷ್ಟು ದಿನ ಹೊಳೆಯದೆ ಹೋಯಿತಲ್ಲ.

ಹದಿನೈದು ನಿಮಿಷವಾದ ಮೇಲೆ ಎಮಿಲ್ "ಬಿಸಿ" ಅಂದ.

"ಏನು ಬಿಸಿ?"

"ಕೈ."

ಒಲೆಯಲ್ಲಿ ಬ್ರೆಡ್ ಬೇಯುತ್ತಿತ್ತು, ಅಡುಗೆಮನೆಯೇ ಬಿಸಿಯಾಗಿತ್ತು. ಕಿಟಕಿ ತೆರೆದೆ.

ಅಕ್ಟೋಬರ್ 30, ಶನಿವಾರ

ಮರದೊಳಗಿಂದ ಗೆರೆಗಳು ಮೇಲೆ ಬರುತ್ತಿವೆ. ಕರಿಗಂದು, ಕೆಂಪುಗಂದು, ಮಧ್ಯೆ ಜೇನಿನ ಬಣ್ಣ. ಕೆನ್ನೆ ಒತ್ತುವ ಜಾಗದಲ್ಲಿ ಸುರುಳಿ ಸುತ್ತಿಕೊಂಡಿವೆ. ಇಷ್ಟೆಲ್ಲ ಒಳಗಿಟ್ಟುಕೊಂಡು ಆ ಮರ ನಮ್ಮ ಹಿತ್ತಲಲ್ಲಿ ನಿಂತಿತ್ತು, ನಾವು ಅದಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದೆವು. ಅಮ್ಮ ನೋಡಬೇಕಿತ್ತು.

ಎಮಿಲ್ ಕುರ್ಚಿಯಲ್ಲಿ ಕೂತು ತಪ್ಪು ಹುಡುಕುತ್ತಾನೆ. "ಅಲ್ಲಿ... ತೆಳು." "ಅಂಚು ಬಿಟ್ಟೆ." ನನ್ನ ಕೆಲಸದಲ್ಲಿ ತಪ್ಪು ಹುಡುಕುವ ಧೈರ್ಯ ಕಾರ್ಖಾನೆಯಲ್ಲಿ ಮ್ಯಾನೇಜರಿಗೂ ಇರಲಿಲ್ಲ. ಇವನು ಹೇಳಿದ್ದು ಮಾತ್ರ ಪ್ರತಿ ಸಲವೂ ಸರಿಯಾಗಿರುತ್ತದೆ. ಅದೇ ಕೆಟ್ಟದ್ದು.

ನವೆಂಬರ್ 9, ಮಂಗಳವಾರ

ಟ್ರೇಸಿ ಈ ಪುಸ್ತಕ ಕೇಳಿದಳು. ಕಳೆದುಹೋಗಿದೆ ಅಂದೆ.

"ಏನಾದ್ರೂ ಸುಧಾರಣೆ ಇದ್ಯಾ, ಮಿಸೆಸ್ ಹುಡಾಕ್?"

"ಏನೂ ಇಲ್ಲ."

"ಅಯ್ಯೋ, ಅವರು ಎದ್ದು ಕೂತಿದಾರಲ್ಲ! ಮಾತಾಡ್ತಿದಾರಲ್ಲ!"

"ಮರ ಅಡುಗೆಮನೇಲಿದೆ. ಮತ್ತಿನ್ನೆಲ್ಲಿ ಕೂರ್ತಾನೆ?"

ಎರಡು ವರ್ಷ ಕಾಲೇಜಿನಲ್ಲಿ ಓದಿದ್ದಾಳಂತೆ. ಇಷ್ಟೂ ಅರ್ಥವಾಗುವುದಿಲ್ಲ.

ನವೆಂಬರ್ 14, ಭಾನುವಾರ

ಕ್ಲೆಮ್ ಬಂದ. ಕೊಕ್ಕೆಯಲ್ಲಿದ್ದ ಮರ ನೋಡಿ ಸಿಳ್ಳೆ ಹಾಕಿದ. ಹಾಳು ಬೆರಳಿನಿಂದ ಮುಟ್ಟಿದ. ನಾನು ಒರೆಸಲು ತೆಗೆದ ಬಟ್ಟೆಯನ್ನು ಕಿತ್ತುಕೊಂಡು ಕೈ ಒರೆಸಿ, ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆದ.

ನಾನು ಕಿರಿಚಿದ್ದು ಬೀದಿಯ ಕೊನೆಯವರೆಗೆ ಕೇಳಿಸಿರಬೇಕು. "ಮನೆ ಸುಡ್ತೀಯೇನೋ ಮುಠ್ಠಾಳ! ಎಣ್ಣೆ ಬಟ್ಟೆ ತಾನಾಗೇ ಹತ್ಕೊಳ್ಳುತ್ತೆ ಅಂತ ಮಗುವಿಗೂ ಗೊತ್ತು!" ಬುಟ್ಟಿಯಿಂದ ಎತ್ತಿ ತಂತಿಗೆ ಹರಡಿ ಬಂದೆ.

ಒಳಗೆ ಬರುವಷ್ಟರಲ್ಲಿ ಅವನು ಎಮಿಲ್‌ಗೆ ಹೇಳುತ್ತಿದ್ದ: "ನನ್ನ ತೋಳು ಗಿಡ್ಡ ನೋಡು, ಹಿಂದಿಂದ ಒಂದಿಂಚು ಗರಗಸದಲ್ಲಿ ಕತ್ತರಿಸ್ತೀನಿ. ಅಲ್ಲೊಂದು ರಬ್ಬರ್ ದಿಂಬು ಹಾಕ್ಬೇಕು. ಮೇಲೊಂದು ಕೈ ವಾರ್ನಿಷ್ ಎಳೆದ್ರೆ ಮಳೆಗೂ ತಡ್ಕೊಳ್ಳುತ್ತೆ. ಏನಂತೀಯಾ?"

ಎಮಿಲ್ ಎಡಗೈಯಲ್ಲಿ ಕುರ್ಚಿಯನ್ನು ಮರದ ಕಡೆಯಿಂದ ತಿರುಗಿಸಿಕೊಂಡ. ಕೊಟ್ಟ ವಸ್ತು, ಕೊಟ್ಟವನು ಏನನ್ನಬಹುದು?

ರಾತ್ರಿ ಊಟ ಬೇಡವೆಂದ. ಹಾಸಿಗೆಗೆ ಹಾಕಿದ ಕೂಡಲೇ ಗೋಡೆ ಕಡೆ ತಿರುಗಿದ.

ನವೆಂಬರ್ 15

ಗೋಡೆ.

ನವೆಂಬರ್ 16

ಗೋಡೆ. ಗಂಜಿ ನಾಲ್ಕು ಚಮಚ. ಮರಕ್ಕೆ ನಾನೊಬ್ಬಳೇ ಹಚ್ಚಿದೆ. ಸರಿಯಾಗಿ ಹರಡಲಿಲ್ಲ.

ನವೆಂಬರ್ 18, ಗುರುವಾರ

ಇವತ್ತು ಕೇಳಿಯೇಬಿಟ್ಟೆ. "ಕೊಡಲ್ಲ ಅಂತ ಹೇಳು ಅವನಿಗೆ. ಎರಡಕ್ಷರ ಜಾಸ್ತಿ ಖರ್ಚಾಗಲ್ಲ."

ಅವನು ತಲೆ ಅಲ್ಲಾಡಿಸಿದ. "ಮಾತು ಕೊಟ್ಟೆ. ಮುಗಿದ್ಮೇಲೆ... ಅವಂದು."

ಮರ್ಯಾದಸ್ಥ! ಈ ಮರ್ಯಾದೆಯನ್ನು ಹೊದ್ದುಕೊಂಡು ಗೋಡೆ ನೋಡುತ್ತ ಸಾಯುತ್ತಾನಂತೆ. ನಾನು ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡುತ್ತ ತೊಳೆದೆ. ಒಂದು ತಟ್ಟೆ ಒಡೆಯಿತು.

ನವೆಂಬರ್ 25, ಗುರುವಾರ, ಥ್ಯಾಂಕ್ಸ್‌ಗಿವಿಂಗ್

ಇಬ್ಬರಿಗೆ ಒಂದು ಟರ್ಕಿ ಕೋಳಿ, ಹುಚ್ಚಾಟ. ಎಮಿಲ್ ಎರಡು ತುತ್ತು ತಿಂದ. ಉಳಿದದ್ದು ಡ್ಯೂಕ್‌ಗೆ.

ಎಣ್ಣೆ ಒಣಗಿದೆಯೋ ಇಲ್ಲವೋ ಎಂದು ಬೆರಳು ಹೇಳುವುದಿಲ್ಲವಂತೆ, ಕೆನ್ನೆ ಹೇಳುತ್ತದಂತೆ. ಹೋದ ತಿಂಗಳು ಎಮಿಲ್ ಹೇಳಿಕೊಟ್ಟದ್ದು. ಕೆನ್ನೆ ಒತ್ತಿದರೆ ಅಂಟಬಾರದು, ಮೂಗಿಗೆ ಎಣ್ಣೆ ಹೊಡೆಯಬಾರದು. ಅವನು ನಿದ್ದೆಹೋದಾಗ ಮರವನ್ನಿಳಿಸಿ ಕೆನ್ನೆಗಿಟ್ಟುಕೊಂಡೆ. ಅಂಟಲಿಲ್ಲ. ಮೂಸಿದೆ. ಮರದ ವಾಸನೆ ಬಿಟ್ಟರೆ ಏನೂ ಇಲ್ಲ.

ಒಣಗಿದೆ. ನನ್ನ ಜೀವಮಾನದಲ್ಲಿ ಇಷ್ಟು ಸರಿಯಾದ ವಸ್ತು ನನ್ನ ಮೇಜಿಗೆ ಬಂದಿಲ್ಲ. ಕೊಕ್ಕೆಗೆ ವಾಪಸ್ ಹಾಕಿದೆ, ಎಮಿಲ್‌ಗೆ ಹೇಳಲಿಲ್ಲ. ಅಡುಗೆಮನೆಯಲ್ಲಿ ನಿಂತು ಸ್ವಲ್ಪ ಹೊತ್ತು ಅತ್ತೆ. ಈರುಳ್ಳಿ ಹೆಚ್ಚುವುದಿತ್ತು, ಆಮೇಲೆ ಅದನ್ನೂ ಹೆಚ್ಚಿದೆ.

ನವೆಂಬರ್ 28, ಭಾನುವಾರ

ಪೂಜೆ ಮುಗಿಯುತ್ತಲೇ ಕ್ಲೆಮ್ ಬಂದ. ಕಿತ್ತಲೆ ಬಣ್ಣದ ಬೇಟೆ ಟೊಪ್ಪಿಯನ್ನು ಇವತ್ತೇ ಹಾಕಿಕೊಂಡಿದ್ದ. ಬಂದೂಕಿನ ನಳಿಗೆಯನ್ನು ನೆಲಮಾಳಿಗೆಯಿಂದ ತಾನೇ ತಂದು ಮೇಜಿನ ಮೇಲಿಟ್ಟ. "ತಾ ಲಿಯೋನಾ, ಮರ ಇಳಿಸು. ನಾಳೆ ಬೆಳಗಾಗೋದ್ರೊಳಗೆ ಗುಡ್ಡದ ಮೇಲಿರ್ಬೇಕು."

"ಆಗಲ್ಲ," ಅಂದೆ. "ಒಣಗಿಲ್ಲ."

"ಏನು?"

"ಒಣಗಿಲ್ಲ. ಮುಗಿದ್ಮೇಲೆ ನಿಂದು ಅಂತ ತಾನೇ ಮಾತು? ಮುಗಿದಿಲ್ಲ."

ಅವನು ಮರವನ್ನು ತಾನೇ ಇಳಿಸಿ ಬೆರಳಿನಿಂದ ಒತ್ತಿ ಒತ್ತಿ ನೋಡಿದ. "ನನಗೇನು ಕಣ್ಣಿಲ್ವಾ? ಎಲುಬಿನ ಹಂಗೆ ಒಣಗಿದೆ!"

"ಇಪ್ಪತ್ತಾರು ವರ್ಷ ನಾನು ಪಾಸ್ ಮಾಡ್ದೆ ಒಂದು ಗುಂಡಿಯೂ ಆ ಕಾರ್ಖಾನೆ ಬಾಗಿಲು ದಾಟಿಲ್ಲ. ಇದನ್ನ ಪಾಸ್ ಮಾಡಲ್ಲ."

ಕ್ಲೆಮ್ ನಕ್ಕ. ಅವನೇನು ಪೂರ್ತಿ ದಡ್ಡನಲ್ಲ. "ಸರಿ. ನಿನ್ನ ಮಾತೂ ಬೇಡ, ನನ್ನ ಮಾತೂ ಬೇಡ. ಎಮಿಲ್‌ನ ಕೇಳೋಣ. ಅವನು ಸುಳ್ಳು ಹೇಳೋ ಪೈಕಿ ಅಲ್ಲ."

ಆಟ ಕೆಟ್ಟಿತು. ಸುಳ್ಳು ಹೇಳುವವನಲ್ಲ, ನಿಜ. ಹದಿನೈದು ವರ್ಷದ ಹಿಂದೆ ತಾನು ಹೊಡೆದ ಜಿಂಕೆಯ ಕೊಂಬು ನಿಯಮಕ್ಕಿಂತ ಕೂದಲೆಳೆಯಷ್ಟು ಸಣ್ಣದಿದೆ ಎಂದು ತಾನೇ ಕಾಡಿನ ಅಧಿಕಾರಿಯ ಮನೆ ಬಾಗಿಲು ತಟ್ಟಿ ಒಪ್ಪಿಕೊಂಡು ಬಂದ ಮನುಷ್ಯ.

ಕ್ಲೆಮ್ ಮರವನ್ನು ಹಾಸಿಗೆ ಹತ್ತಿರ ಒಯ್ದು, ಅಣ್ಣನ ತಲೆ ಈ ಕಡೆ ತಿರುಗಿಸಿ, ಕೆನ್ನೆಗೆ ಒತ್ತಿ ಹಿಡಿದ. ಎಮಿಲ್ ಕಣ್ಣು ಮುಚ್ಚಿಕೊಂಡ. ಉಸಿರೆಳೆದ. ಸುರುಳಿ ಗೆರೆಗಳು ಅವನ ಕೆನ್ನೆಯ ಗುಳಿಗೆ ಸರಿಯಾಗಿ ಕೂತಿದ್ದವು. ಆ ಜಾಗವನ್ನು ಅವನು ತನ್ನ ಕೆನ್ನೆಗೆ ಅಳೆದೇ ಕೆತ್ತಿದ್ದು.

ಕಣ್ಣು ತೆರೆದು ಕ್ಲೆಮ್‌ನ ನೋಡಲಿಲ್ಲ. ನನ್ನ ನೋಡಿದ.

"ಹಸಿ," ಅಂದ.

"ಎಮಿಲ್!"

"ಹಸಿ. ಇನ್ನೂ... ಒಂದು ವರ್ಷ."

ಕ್ಲೆಮ್ ನಮ್ಮಿಬ್ಬರ ಮುಖವನ್ನೂ ಒಂದಾದ ಮೇಲೊಂದು ನೋಡಿದ. ಮರವನ್ನು ಮೆಲ್ಲಗೆ ನನ್ನ ಕೈಗೆ ಕೊಟ್ಟ, ಟೊಪ್ಪಿ ತೆಗೆದು ತಲೆ ಕೆರೆದುಕೊಂಡ. "ಹಂಗಾದ್ರೆ ನನ್ನ ಹಳೇದೇ ಗತಿ," ಅಂದು ಹೊರಟ. ಬಾಗಿಲು ಬಡಿಯಲಿಲ್ಲ. ಅವನ ಬಗ್ಗೆ ಒಳ್ಳೆಯ ಮಾತು ಬರೆಯುವುದು ಇದೇ ಮೊದಲು, ಇದೇ ಕೊನೆ.

ಅವನು ಹೋದ ಮೇಲೆ ಎಮಿಲ್‌ನ ತರಾಟೆಗೆ ತೆಗೆದುಕೊಂಡೆ. "ಪೂಜೆಯ ದಿನ ಸುಳ್ಳು ಹೇಳೋದಕ್ಕೆ ನಾಚಿಕೆ ಆಗಲ್ವಾ ನಿನಗೆ?"

"ನೀನು... ಮೊದ್ಲು," ಅಂದ. ಹಸಿವಾಗಿದೆ ಅಂತಲೂ ಅಂದ.

ನವೆಂಬರ್ 29, ಸೋಮವಾರ

ಬೆಳಗಿನಿಂದ ಗುಡ್ಡದ ಕಡೆಯಿಂದ ಗುಂಡಿನ ಸದ್ದು. ಊರಿನಲ್ಲಿ ಒಬ್ಬ ಗಂಡಸೂ ಇಲ್ಲ, ನೆಮ್ಮದಿ. ಎಮಿಲ್‌ನ ಅಡುಗೆಮನೆಗೆ ತಂದು ಕೂರಿಸಿದೆ. ಪ್ರತಿ ಸದ್ದಿಗೂ "ಅವಸರ" "ದೂರ" "ತಪ್ಪಿತು" ಅನ್ನುತ್ತ ಮೂರು ಮೊಟ್ಟೆ ತಿಂದ. ಆಮೇಲೆ ಎಡಗೈಯಲ್ಲಿ ಬಲಗೈಯನ್ನು ಎತ್ತಿ ಮೇಜಿನ ಮೇಲೆ ಅಂಗೈ ಮೇಲಾಗಿ ಇಟ್ಟು ಕಾಯತೊಡಗಿದ. ಎಣ್ಣೆ ಶೀಸೆ ತಂದೆ. ಮೂರು ಹನಿ ಹಾಕಿದೆ.

ಹೊಲಿಗೆ ಯಂತ್ರ ಮೇಲೆಯೇ ಇರಲಿ. ಕೆಳಗೆ ಜಾಗ ಇಲ್ಲ.

ನಾಳೆ ಟ್ರೇಸಿ ಬರುತ್ತಾಳೆ, ಅದೇ ಪ್ರಶ್ನೆ ಕೇಳುತ್ತಾಳೆ. ಸಣ್ಣದಾದರೂ ಬರೆದಿಡಿ ಅಂದಿದ್ದಳಲ್ಲ, ಬರೆದಿಟ್ಟಿದ್ದೇನೆ. ಸುಧಾರಣೆ: ಎಮಿಲ್ ನಿನ್ನೆ ಒಂದು ಸುಳ್ಳು ಹೇಳಿದ.